ಒಂದು ಪಾತ್ರೆ, ಒಂದು ಚೀಲ: ಹಗುರ ಬಿಯರ್ ಮಾಡುವ ಬಗೆ

ಹೋಳಿಗೆ ಮಾಡಿದ ದಿನ ನಮ್ಮ ಕಡೆ ಕಟ್ಟಿನ ಸಾರು ಆಗಲೇಬೇಕು. ಕಡಲೆಬೇಳೆ ಬೇಯಿಸಿ ಬಸಿದ ಕಟ್ಟಿನಿಂದ ಮಾಡುವ ಸಾರು ಅದು. ನೋಡಲು ತೆಳು. ಬಟ್ಟಲಲ್ಲಿ ಹಾಕಿಕೊಂಡು ಕುಡಿಯಬಹುದು. ಆದರೂ ಯಾರೂ ಅದನ್ನು ನೀರು ಅನ್ನುವುದಿಲ್ಲ. ಬೇಳೆಯ ಸತ್ವ ಅದರಲ್ಲಿ ಇಳಿದಿರುತ್ತದೆ, ನಾಲಿಗೆಯ ಮೇಲೆ ಒಂದು ತೂಕ ಇರುತ್ತದೆ. ಹಗುರ ಬಿಯರ್ ಮಾಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಆ ಸಾರು. ತೆಳುವಾಗಿರಲಿ, ಆದರೆ ನೀರುನೀರಾಗಿ ಇರಬಾರದು. ಈ ಲೇಖನದಲ್ಲಿ ಬರುವ ಹೆಚ್ಚಿನ ಮಾತು ಇದೊಂದಕ್ಕೇ ಸಂಬಂಧಿಸಿದ್ದು.

ನಾನು ಧಾರವಾಡದವನು. ಪುಣೆಯ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತೇನೆ. ಮಹಾರಾಷ್ಟ್ರದ ಮೊದಲ ಮೈಕ್ರೋಬ್ರೂವರಿ 2009ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ನಮ್ಮಲ್ಲಿ ದೊಡ್ಡ ಟ್ಯಾಂಕುಗಳ ಪಕ್ಕದಲ್ಲಿ ಒಂದು ಸಣ್ಣ ಗ್ಯಾಸ್ ಒಲೆ ಇದೆ. ಹೊಸ ರುಚಿ ಏನಾದರೂ ನೋಡಬೇಕೆಂದರೆ ಮೊದಲು ಆ ಒಲೆಯ ಮೇಲೆ ಎಂಟು ಲೀಟರ್ ಮಾಡಿ ನೋಡುತ್ತೇವೆ. ಒಂದು ಪಾತ್ರೆ, ಒಂದು ಬಟ್ಟೆಯ ಚೀಲ, ಒಂದು ಥರ್ಮಾಮೀಟರ್. ಅಷ್ಟೇ ಸರಂಜಾಮು. ಲಂಡನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೋದ ಡಿಸೆಂಬರಿನಲ್ಲಿ ಬಂದಾಗ ಇದನ್ನು ನೋಡಿ, "ಅಣ್ಣಾ, ಇದನ್ನ ಮನ್ಯಾಗ ಮಾಡಾಕ ಬರತೈತೇನು?" ಎಂದು ಕೇಳಿದ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಲೆ ಹಚ್ಚುವ ಮೊದಲು ಕಾನೂನಿನ ಮಾತು. ಮಹಾರಾಷ್ಟ್ರದಲ್ಲಿ 1949ರ ಮದ್ಯಪಾನ ನಿಷೇಧ ಕಾಯ್ದೆ ಈಗಲೂ ಇದೆ. ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರ್ ಕೂಡ ಆ ಲೆಕ್ಕದಲ್ಲಿ ಮದ್ಯವೇ. ಹಾಗಾಗಿ ಪುಣೆ, ಮುಂಬೈಯಲ್ಲಿರುವವರು ಮೊದಲು ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ, ಇಲ್ಲವೇ ಲೈಸೆನ್ಸ್ ಇರುವ ಜಾಗದಲ್ಲಿ ಕೈಯಾಡಿಸಿ ಕಲಿಯಿರಿ. ಬ್ರಿಟನ್ನಿನಲ್ಲಿ 1963ರಿಂದ ಮನೆಯಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಕೇಂದ್ರದ ಕಾನೂನು ಬದಲಾಯಿತು. ಅಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ನಿಯಮ ನೋಡಿಕೊಂಡು ಅಡುಗೆಮನೆಯಲ್ಲೇ ಶುರು ಮಾಡಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2015ರಲ್ಲಿ ಮುಂಬೈಯ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ "ಮನೆಯಲ್ಲಿ ಮಾಡಿದ್ದು" ಎಂದರೆ ಸಾಕು, ಜನ ಹೆದರುತ್ತಾರೆ. ಆ ಹೆದರಿಕೆ ತಪ್ಪಲ್ಲ. ಅಲ್ಲಿ ಜನರನ್ನು ಕೊಂದದ್ದು ಮೆಥನಾಲ್ ಎಂಬ ವಿಷ. ಧಾನ್ಯವನ್ನು ಯೀಸ್ಟ್ ಹಾಕಿ ಹುಳಿಯಲು ಬಿಟ್ಟರೆ ಮೆಥನಾಲ್ ಅಷ್ಟು ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಭಟ್ಟಿ ಇಳಿಸುವುದು ಬೇರೆಯೇ ಕೆಲಸ, ಅಪಾಯದ ಕೆಲಸ. ಅದರ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ. ಇಲ್ಲಿ ನಾವು ಮಾಡುವುದು ಕುದಿಸಿ, ಆರಿಸಿ, ಹುಳಿಸುವ ಕೆಲಸ ಮಾತ್ರ.

ಗ್ರ್ಯಾವಿಟಿ ಎಂದರೆ

ಹಾಲಿಗೆ ಎಷ್ಟು ನೀರು ಬೆರೆಸಿದ್ದಾರೆ ಎಂದು ನೋಡಲು ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಡುತ್ತಾರಲ್ಲ, ಬಿಯರಿನ ಹೈಡ್ರೋಮೀಟರ್ ಕೂಡ ಅದೇ ಜಾತಿಯದು. ಅದು ತೋರಿಸುವ ಅಂಕಿಯೇ ಗ್ರ್ಯಾವಿಟಿ. ಬರೀ ನೀರಿನಲ್ಲಿ ಅದು 1.000 ತೋರಿಸುತ್ತದೆ. ಸಕ್ಕರೆ ಕರಗಿದಷ್ಟೂ ಅಂಕಿ ಏರುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡಿದಂತೆ ಅಂಕಿ ಇಳಿಯುತ್ತದೆ. ಮೊದಲಿನ ಅಂಕಿಯಿಂದ ಕೊನೆಯ ಅಂಕಿ ಕಳೆದು 131.25ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತದೆ.

ನಮ್ಮ ಗುರಿ 1.032ರಲ್ಲಿ ಶುರುವಾಗಿ 1.011ರ ಆಸುಪಾಸಿನಲ್ಲಿ ನಿಲ್ಲುವುದು. ಲೆಕ್ಕ ಹಾಕಿದರೆ 2.76, ಅಂದರೆ ಶೇಕಡಾ 3ಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ದೇಶದಲ್ಲಿ ಸ್ಟ್ರಾಂಗ್ ಎಂದು ಮಾರುವ ಬಿಯರ್ ಶೇಕಡಾ 5ರಿಂದ 8ರವರೆಗೆ ಇರುತ್ತದೆ. ಇಂಗ್ಲೆಂಡಿನ ಮೈಲ್ಡ್, ಆರ್ಡಿನರಿ ಬಿಟರ್ ಇವೆಲ್ಲ 1.030ರಿಂದಲೇ ಶುರುವಾಗುತ್ತವೆ. ಅಲ್ಲಿಯ ಜನ ಅದನ್ನು ಕೊರತೆ ಎಂದುಕೊಂಡಿಲ್ಲ. ಸಂಜೆ ಕೂತು ಮಾತಾಡುತ್ತಾ ಕುಡಿಯುವ ಬಿಯರ್ ಅದು.

ಕಷ್ಟ ಇರುವುದು ಎಲ್ಲಿ? ಸ್ಟ್ರಾಂಗ್ ಬಿಯರಿನಲ್ಲಿ ಸಣ್ಣಪುಟ್ಟ ತಪ್ಪು ಆಲ್ಕೋಹಾಲಿನ ಖಾರ, ಮಾಲ್ಟಿನ ಸಿಹಿಯ ಹಿಂದೆ ಮರೆಯಾಗುತ್ತದೆ. ಹಗುರ ಬಿಯರಿನಲ್ಲಿ ಅದಕ್ಕೆ ಅಡಗಿಕೊಳ್ಳಲು ಜಾಗವಿಲ್ಲ. ಮಾಲ್ಟ್ ಕಡಿಮೆ ಹಾಕಿದ್ದೇವೆ, ಹಾಗಾಗಿ ಬಾಯಲ್ಲಿ ತೂಕ ಬರುವುದೂ ಕಷ್ಟ. ಇದಕ್ಕೆ ನನ್ನ ಹತ್ತಿರ ಮೂರು ಉಪಾಯ ಇವೆ: ಮ್ಯಾಶ್ (ಅಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿಡುವ ಹಂತ) ಮಾಡುವಾಗ ಬಿಸಿ ಸ್ವಲ್ಪ ಜಾಸ್ತಿ ಇಡುವುದು, ಓಟ್ಸ್ ಸೇರಿಸುವುದು, ಸಕ್ಕರೆಯನ್ನು ಪೂರ್ತಿ ತಿನ್ನದ ಯೀಸ್ಟ್ ಆರಿಸುವುದು.

ಬೇಕಾಗುವ ಸಾಮಾನು

ಎಂಟು ಲೀಟರಿಗೆ: ಪೇಲ್ ಮಾಲ್ಟ್ 1 ಕಿಲೋ, ಕ್ಯಾರಮೆಲ್ ಮಾಲ್ಟ್ 150 ಗ್ರಾಂ, ಬೆಳಗಿನ ತಿಂಡಿಗೆ ತರುವ ಸಾದಾ ಓಟ್ಸ್ 100 ಗ್ರಾಂ, ಸುಮಾರು 5.5 ಶೇಕಡಾ ಆಲ್ಫಾ ಆಸಿಡ್ ಇರುವ ಹಾಪ್ಸ್ ಗುಳಿಗೆ 20 ಗ್ರಾಂ, ಒಣ ಏಲ್ ಯೀಸ್ಟ್ ಅರ್ಧ ಪ್ಯಾಕೆಟ್, ನೀರು 11 ಲೀಟರ್. ಓಟ್ಸ್ ತರುವಾಗ ಮಸಾಲೆ ಇರುವುದನ್ನು ತರಬೇಡಿ. ಹಾಪ್ಸ್ ಎಂದರೆ ಬಿಯರಿಗೆ ಕಹಿ, ವಾಸನೆ ಕೊಡುವ ಹೂವು. ಆಲ್ಫಾ ಆಸಿಡ್ ಅದರ ಕಹಿಯ ಅಂಶ. ಹಾಪ್ಸ್ ಯಾವುದಾದರೂ ಆದೀತು. ನನಗೆ ಇಂಗ್ಲೆಂಡಿನ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಇಷ್ಟ. ಅದರ ವಾಸನೆ ಮೆತ್ತಗೆ, ಮಣ್ಣಿನಂತೆ. ಹಗುರ ಬಿಯರಿನ ಮೇಲೆ ಸವಾರಿ ಮಾಡುವುದಿಲ್ಲ.

ಮಾಲ್ಟ್ ಎಂದರೆ ಹೊಸದೇನೂ ಅಲ್ಲ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ಮಗುವಿಗೆ ಕೊಡುವ ರಾಗಿ ಮಾಲ್ಟ್ ಮಾಡುವ ಕ್ರಮವೇ ಇದು. ಸಾದಾ ರಾಗಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮೊಳಕೆ ರಾಗಿಯ ಗಂಜಿ ಅಷ್ಟು ಗಟ್ಟಿಯಾಗುವುದಿಲ್ಲ, ಸ್ವಲ್ಪ ಸಿಹಿಯೂ ಇರುತ್ತದೆ. ಅಲ್ವಾ? ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ತಯಾರಾಗುತ್ತದೆ. ಬಿಸಿನೀರು ತಾಗಿದರೆ ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮ್ಯಾಶ್ ಎಂದರೆ ಆ ಕಿಣ್ವಕ್ಕೆ ಬೇಕಾದ ಬಿಸಿಯನ್ನು ಒಂದು ಗಂಟೆ ಹಿಡಿದು ಕೊಡುವುದು. ಬೇರೆ ಗುಟ್ಟಿಲ್ಲ.

ಪಾತ್ರೆ 15 ಲೀಟರಿನದಾದರೂ ಇರಲಿ. ಸ್ಟೀಲಿನದು ಒಳ್ಳೆಯದು. ಮದುವೆ ಮನೆಗೆ ಅನ್ನ ಮಾಡುವ ಡಬರಿ ಇದ್ದರೆ ಬಹಳ ಅನುಕೂಲ. ಚೀಲಕ್ಕೆ ಪರದೆ ಹೊಲಿಯುವ ತೆಳು ಪಾಲಿಯೆಸ್ಟರ್ ವಾಯಿಲ್ ಬಟ್ಟೆ ತಂದು, ಪಾತ್ರೆಯ ಬಾಯಿಗೆ ಮಡಚಿ ಹಾಕುವಷ್ಟು ದೊಡ್ಡದಾಗಿ ದರ್ಜಿಯಿಂದ ಹೊಲಿಸಿ. ಎರಡು ಸಲ ಬರೀ ಬಿಸಿನೀರಿನಲ್ಲಿ ಕುದಿಸಿ ತೆಗೆಯಿರಿ. ಸೊಳ್ಳೆ ಪರದೆಯ ಬಟ್ಟೆ ಬಳಸಬೇಡಿ. ಅದಕ್ಕೆ ಎಷ್ಟೋ ಸಲ ಕೀಟನಾಶಕ ಹಚ್ಚಿರುತ್ತಾರೆ.

ಈ ಚೀಲದ ವಿಧಾನ 2000ದ ದಶಕದಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳಿಂದ ಬಂದದ್ದು. ಅದಕ್ಕೂ ಮೊದಲು ಮ್ಯಾಶ್ ಮಾಡಲು ಒಂದು ಪಾತ್ರೆ, ಕಾಳು ತೊಳೆಯಲು ಬಿಸಿನೀರಿನದು ಇನ್ನೊಂದು, ಕುದಿಸಲು ಮತ್ತೊಂದು ಎಂದು ಸಾಲು ಇಡಬೇಕಿತ್ತು. ಇಲ್ಲಿ ಎಲ್ಲ ನೀರನ್ನೂ ಒಂದೇ ಸಲ ಹಾಕುತ್ತೇವೆ. ಕಾಳು ತೊಳೆಯುವ ಕೆಲಸವೇ ಇಲ್ಲ. ಸ್ಟ್ರಾಂಗ್ ಬಿಯರಿಗಿಂತ ಹಗುರ ಬಿಯರಿಗೆ ಇದು ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಕಾಳು ಕಡಿಮೆ, ಚೀಲ ಎತ್ತಲೂ ಭಾರವಲ್ಲ.

ಮಾಲ್ಟನ್ನು ಒಡೆಯಬೇಕು, ಹಿಟ್ಟು ಮಾಡಬಾರದು. ಗೋಧಿ ನುಚ್ಚಿನಷ್ಟು ದಪ್ಪ ಸಾಕು. ಒಡೆದ ಮಾಲ್ಟೇ ಸಿಕ್ಕರೆ ತಲೆನೋವಿಲ್ಲ. ಇಲ್ಲದಿದ್ದರೆ ಮಿಕ್ಸಿಯ ಒಣ ಜಾರಿನಲ್ಲಿ ಎರಡು ಹಿಡಿ ಹಾಕಿ, ಎರಡು ಸಲ ಮಾತ್ರ ತಿರುಗಿಸಿ. ಒಂದೂ ಇಡೀ ಕಾಳು ಉಳಿಯಬಾರದು. ಓಟ್ಸ್ ಹಾಗೇ ಹಾಕಬಹುದು.

ನೀರಿನ ಬಗ್ಗೆ. ಪುಣೆಯ ಕಾರ್ಪೊರೇಷನ್ ನೀರು ಖಡಕ್‌ವಾಸ್ಲಾ ಅಣೆಕಟ್ಟಿನ ಕಡೆಯಿಂದ ಬರುವುದು. ಈ ಕೆಲಸಕ್ಕೆ ಒಳ್ಳೆಯ ನೀರು. ಆದರೆ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಹಾಗೇ ಉಳಿದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ. ಹಿಂದಿನ ರಾತ್ರಿ ಅಗಲ ಪಾತ್ರೆಯಲ್ಲಿ ತುಂಬಿ ಮುಚ್ಚದೆ ಇಡಿ, ಇಲ್ಲವೇ ಒಂದು ಕುದಿ ಕುದಿಸಿ ಆರಿಸಿ. ಟ್ಯಾಂಕರ್ ನೀರು, ಬೋರ್ ನೀರು ಬರುವ ಸೊಸೈಟಿಗಳಲ್ಲಿ ನೀರು ಗಡಸು. ಅಲ್ಲಿ ಅರ್ಧ ಆರ್‌ಒ ನೀರು ಬೆರೆಸಿ. ಪೂರ್ತಿ ಆರ್‌ಒ ಬೇಡ, ಅದರಲ್ಲಿ ಖನಿಜವೇ ಇರುವುದಿಲ್ಲ. ಇಷ್ಟು ತೆಳು ಮ್ಯಾಶಿನಲ್ಲಿ ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಏರುತ್ತದೆ) ಏರುವ ಸಾಧ್ಯತೆ ಜಾಸ್ತಿ. ಏರಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಪಿಎಚ್ ಪಟ್ಟಿ ಇದ್ದರೆ 5.2ರಿಂದ 5.6ರ ನಡುವೆ ಇರುವಂತೆ ನೋಡಿಕೊಳ್ಳಿ. ಜಾಸ್ತಿ ತೋರಿಸಿದರೆ ಆಹಾರಕ್ಕೆ ಬಳಸುವ ಲ್ಯಾಕ್ಟಿಕ್ ಆಸಿಡ್ ಒಂದು ಮಿಲಿ ಹಾಕಿ ಮತ್ತೆ ನೋಡಿ.

ಮ್ಯಾಶ್: ಇಲ್ಲೇ ಬಿಯರ್ ಗೆಲ್ಲುವುದು, ಸೋಲುವುದು

ಪಾತ್ರೆಯ ತಳಕ್ಕೆ ಒಂದು ಸ್ಟೀಲಿನ ತಟ್ಟೆಯನ್ನು ಬೋರಲಾಗಿ ಇಡಿ. ನನ್ನ ಮೊದಲ ಚೀಲ ಇದಿಲ್ಲದೆ ತಳಕ್ಕೆ ಅಂಟಿ ಸುಟ್ಟಿತು. ಎಂಟು ಲೀಟರಿಗೂ ಪ್ಲಾಸ್ಟಿಕ್ಕಿನ ಕಮಟು ವಾಸನೆ ಹತ್ತಿ ಎಲ್ಲವನ್ನೂ ಚೆಲ್ಲಬೇಕಾಯಿತು.

11 ಲೀಟರ್ ನೀರು ಹಾಕಿ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಒಲೆ ಆರಿಸಿ. ಚೀಲವನ್ನು ಒಳಗೆ ಬಿಟ್ಟು ಅಂಚನ್ನು ಹೊರಗೆ ಮಡಚಿ ಕಟ್ಟಿ. ಈಗ ಕಾಳನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತಾ ಉದ್ದ ಸೌಟಿನಿಂದ ತಿರುವಿ. ಉಪ್ಪಿಟ್ಟಿಗೆ ರವೆ ಹಾಕುವಾಗ ಹೇಗೆ ಗಂಟಾಗದಂತೆ ನೋಡುತ್ತೀರೋ ಹಾಗೆ. ಗಂಟಿನೊಳಗೆ ಒಣ ಹಿಟ್ಟು ಉಳಿದರೆ ಅದಕ್ಕೆ ಕಿಣ್ವ ಮುಟ್ಟುವುದಿಲ್ಲ. ಎಲ್ಲ ಹಾಕಿ ತಿರುವಿದ ಮೇಲೆ ಬಿಸಿ 69ರಿಂದ 70ರೊಳಗೆ ನಿಲ್ಲಬೇಕು. ಕಾಳು ತಣ್ಣಗಿರುವುದರಿಂದ ಎರಡು ಡಿಗ್ರಿ ತಾನಾಗಿ ಇಳಿಯುತ್ತದೆ.

ಯಾಕೆ 69? ಮಾಲ್ಟಿನಲ್ಲಿ ಇರುವುದು ಮುಖ್ಯವಾಗಿ ಎರಡು ಬಗೆಯ ಅಮೈಲೇಸ್. ಬೀಟಾ ಎಂಬುದು 60ರಿಂದ 65 ಡಿಗ್ರಿಯಲ್ಲಿ ಚುರುಕು. ಅದು ಪಿಷ್ಟದ ತುದಿಯಿಂದ ಕತ್ತರಿಸುತ್ತಾ ಯೀಸ್ಟಿಗೆ ಸುಲಭವಾಗಿ ತಿನ್ನಲು ಬರುವ ಸಕ್ಕರೆ ಮಾಡುತ್ತದೆ. ಆಲ್ಫಾ ಎಂಬುದು 70ರ ಆಸುಪಾಸಿನಲ್ಲಿ ಚುರುಕು. ಅದು ಮಧ್ಯದಲ್ಲಿ ಎಲ್ಲಿ ಬೇಕಾದರೂ ಕತ್ತರಿಸುತ್ತದೆ, ದೊಡ್ಡ ತುಂಡುಗಳನ್ನು ಉಳಿಸುತ್ತದೆ. ಆ ದೊಡ್ಡ ತುಂಡುಗಳ ಹೆಸರು ಡೆಕ್ಸ್‌ಟ್ರಿನ್. ಯೀಸ್ಟ್ ಅವನ್ನು ತಿನ್ನಲಾರದು. ಅವು ಬಿಯರಿನಲ್ಲೇ ಉಳಿದು ಬಾಯಿಗೆ ತೂಕ ಕೊಡುತ್ತವೆ. ನಮಗೆ ಬೇಕಾದದ್ದು ಅದೇ.

ಒಮ್ಮೆ ನನ್ನ ಥರ್ಮಾಮೀಟರ್ ಕೆಟ್ಟಿತ್ತು. 69 ತೋರಿಸುತ್ತಿತ್ತು, ನಿಜವಾಗಿ ಇದ್ದದ್ದು 63. ಬಂದ ಬಿಯರಿನಲ್ಲಿ ತಪ್ಪು ವಾಸನೆ ಏನೂ ಇರಲಿಲ್ಲ. ಆದರೆ ಸೋಡಾ ನೀರಿಗೆ ಕಹಿ ಬೆರೆಸಿದಂತೆ ಇತ್ತು. ವಿಜಯಪುರದ ನನ್ನ ಸಹೋದ್ಯೋಗಿ ಒಂದು ಗುಟುಕು ಕುಡಿದು, "ಇದರಾಗ ಕಾಳು ಹಾಕೀರೋ, ತೋರಿಸೀರೋ?" ಎಂದ. ಅಂದಿನಿಂದ ಪ್ರತಿ ಸಲ ಥರ್ಮಾಮೀಟರನ್ನು ಕರಗುವ ಐಸಿನಲ್ಲಿ ಅದ್ದಿ ಸೊನ್ನೆ ಬರುತ್ತದೆಯೇ ಎಂದು ನೋಡಿಯೇ ಶುರು ಮಾಡುತ್ತೇನೆ. ಕುದಿಯುವ ನೀರಿನಲ್ಲೂ ಒಮ್ಮೆ ನೋಡಿ. ಪುಣೆ ಸಮುದ್ರಮಟ್ಟಕ್ಕಿಂತ 550 ಮೀಟರಿಗೂ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು ಕುದಿಯುವುದು 98ರ ಹತ್ತಿರ. 100 ಬರಲಿಲ್ಲವೆಂದು ಥರ್ಮಾಮೀಟರನ್ನು ಬೈಯಬೇಡಿ.

ಮುಚ್ಚಳ ಮುಚ್ಚಿ. ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ ದಪ್ಪ ಹೊದಿಕೆಯಿಂದ ಸುತ್ತಿ. ನಾನು ಅವ್ವ ಹೊಲಿದ ಹಳೆಯ ಕೌದಿ ಸುತ್ತುತ್ತೇನೆ. ಒಂದು ಗಂಟೆಯಲ್ಲಿ ಎರಡು ಮೂರು ಡಿಗ್ರಿಗಿಂತ ಜಾಸ್ತಿ ಇಳಿಯುವುದಿಲ್ಲ. ಅರ್ಧ ಗಂಟೆಗೆ ಒಮ್ಮೆ ತೆಗೆದು ತಿರುವಿ, 66ಕ್ಕಿಂತ ಕೆಳಗೆ ಹೋಗಿದ್ದರೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಸ್ವಲ್ಪ ಕಾಯಿಸಿ. ಕೌದಿಯನ್ನು ಪೂರ್ತಿ ತೆಗೆದ ಮೇಲೆಯೇ ಒಲೆ ಹಚ್ಚಬೇಕು, ನೆನಪಿರಲಿ.

ಗಂಟೆ ಮುಗಿದ ಮೇಲೆ ಬಿಳಿ ತಟ್ಟೆಯ ಮೇಲೆ ಒಂದು ಚಮಚ ತಿಳಿ ಹಾಕಿ, ಆರಿದ ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಕಪ್ಪು ನೀಲಿ ಬಣ್ಣ ಬಂದರೆ ಪಿಷ್ಟ ಇನ್ನೂ ಉಳಿದಿದೆ, ಕಾಲು ಗಂಟೆ ಕಾಯಿರಿ. ಕಂದು ಬಣ್ಣವೇ ಉಳಿದರೆ ಕೆಲಸ ಮುಗಿದಿದೆ. ಆ ತಟ್ಟೆಯದನ್ನು ಚೆಲ್ಲಿ, ಪಾತ್ರೆಗೆ ವಾಪಸ್ ಹಾಕಬೇಡಿ.

ಈಗ ಚೀಲ ಎತ್ತಿ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಅನ್ನ ಬಸಿಯುವ ತೂತಿನ ಬುಟ್ಟಿ ಇಟ್ಟು, ಅದರಲ್ಲಿ ಚೀಲ ಕೂರಿಸಿ ಹತ್ತು ನಿಮಿಷ ಬಸಿಯಲು ಬಿಡಿ. ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಚೆನ್ನಾಗಿ ಹಿಂಡಿ. ಹಿಂಡಿದರೆ ಒಗರು ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಪ್ರತಿ ಸಲ ಹಿಂಡುತ್ತೇನೆ, ಒಗರು ಬಂದಿಲ್ಲ. ಪಾತ್ರೆಯಲ್ಲಿ ಉಳಿದ ಸಿಹಿ ನೀರಿನ ಹೆಸರು ವರ್ಟ್. ಒಂದು ಚಮಚ ಕುಡಿದು ನೋಡಿ. ರಸವಂತಿಯ ಕಬ್ಬಿನ ಹಾಲಿನ ಅರ್ಧದಷ್ಟೂ ಸಿಹಿ ಇರುವುದಿಲ್ಲ, ಆದರೆ ಹುರಿದ ಧಾನ್ಯದ ಘಮ ಇರುತ್ತದೆ.

ಹಿಂಡಿದ ಕಾಳನ್ನು ಎಸೆಯಬೇಡಿ. ಹಸಿಯಾಗಿ ಇಟ್ಟರೆ ಸಂಜೆಯೊಳಗೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ಅಂದೇ ದನಗಳಿಗೆ ಕೊಡಿ. ಇಲ್ಲವೇ ಒಂದು ಹಿಡಿ ರುಬ್ಬಿ ಚಪಾತಿ ಹಿಟ್ಟಿಗೆ ಸೇರಿಸಿ. ಥಾಲಿಪಟ್ಟಿಗೆ ಸೇರಿಸಿದರೆ ಇನ್ನೂ ಚೆಂದ. ಹಾಪ್ಸ್ ಸೇರಿದ ಗಸಿಯನ್ನು ಮಾತ್ರ ನಾಯಿಗೆ ಸಿಗದಂತೆ ನೋಡಿಕೊಳ್ಳಿ. ಹಾಪ್ಸ್ ನಾಯಿಗೆ ವಿಷ.

ಕುದಿಸುವುದು, ಆರಿಸುವುದು

ಇದು ಸುಲಭದ ಭಾಗ. ತಟ್ಟೆಯನ್ನು ತೆಗೆದು, ಮುಚ್ಚಳ ಹಾಕದೆ ಕುದಿಸಿ. ಕುದಿ ಬರುವಾಗ ಹಾಲಿನಂತೆ ಉಕ್ಕುತ್ತದೆ, ಪಕ್ಕದಲ್ಲೇ ನಿಂತಿರಿ. ನೊರೆ ಇಳಿದ ಮೇಲೆ 12 ಗ್ರಾಂ ಹಾಪ್ಸ್ ಹಾಕಿ. 25 ನಿಮಿಷ ಬಿಟ್ಟು ಉಳಿದ 8 ಗ್ರಾಂ ಹಾಕಿ. ಇನ್ನೈದು ನಿಮಿಷ ಕುದಿಸಿ ಒಲೆ ಆರಿಸಿ. ಮೊದಲು ಹಾಕಿದ್ದು ಕಹಿಗೆ, ಕೊನೆಗೆ ಹಾಕಿದ್ದು ವಾಸನೆಗೆ. ಹಗುರ ಬಿಯರಿಗೆ ಕಹಿ ಜಾಸ್ತಿ ಮಾಡಬೇಡಿ. ಹಿಂದೆ ಹಿಡಿದು ನಿಲ್ಲಿಸುವ ಮಾಲ್ಟ್ ಇಲ್ಲದ್ದರಿಂದ ಕಹಿ ಒಂಟಿಯಾಗಿ ನಾಲಿಗೆಗೆ ಚುಚ್ಚುತ್ತದೆ.

ದೊಡ್ಡ ಟಬ್ಬಿನಲ್ಲಿ ಐಸ್ ನೀರು ತುಂಬಿ ಪಾತ್ರೆಯನ್ನು ಮುಚ್ಚಳ ಸಮೇತ ಅದರಲ್ಲಿ ಇಡಿ. ನಡುನಡುವೆ ಟಬ್ಬಿನ ನೀರು ಬದಲಿಸಿ. ಮುಕ್ಕಾಲು ಗಂಟೆಯಲ್ಲಿ 20 ಡಿಗ್ರಿಗೆ ಬರುತ್ತದೆ. ಈಗ ಹೈಡ್ರೋಮೀಟರ್ ತೇಲಿಸಿ ನೋಡಿ. ಬಿಸಿ ಇರುವಾಗ ನೋಡಿದರೆ ಅಂಕಿ ತಪ್ಪು ಬರುತ್ತದೆ. 1.036 ಬಂದರೆ ಕುದಿಸಿ ಆರಿಸಿದ ನೀರು ಒಂದು ಲೀಟರ್ ಸೇರಿಸಿ, 1.032ಕ್ಕೆ ಇಳಿಯುತ್ತದೆ. 1.028 ಬಂದರೆ ಹಾಗೇ ಬಿಡಿ, ಸಕ್ಕರೆ ಸೇರಿಸಬೇಡಿ. ಸಕ್ಕರೆ ಅಂಕಿಯನ್ನು ಏರಿಸುತ್ತದೆ. ಆದರೆ ಯೀಸ್ಟ್ ಅದನ್ನು ಪೂರ್ತಿ ತಿಂದುಬಿಡುತ್ತದೆ, ಬಿಯರ್ ಇನ್ನೂ ತೆಳುವಾಗುತ್ತದೆ.

ಸ್ವಚ್ಛತೆ

ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಅಜ್ಜಿ ಯಾಕೆ ಸಿಟ್ಟಾಗುತ್ತಿದ್ದಳು ಎಂದು ಈ ಕೆಲಸಕ್ಕೆ ಬಂದ ಮೇಲೆ ನನಗೆ ಪೂರ್ತಿ ಅರ್ಥವಾಯಿತು. ಕುದಿಯುವವರೆಗೆ ಭಯವಿಲ್ಲ. ಆರಿದ ಕ್ಷಣದಿಂದ ವರ್ಟಿಗೆ ತಾಗುವ ಪ್ರತಿಯೊಂದು ವಸ್ತುವೂ ಸೋಂಕು ಕಳೆದದ್ದೇ ಆಗಿರಬೇಕು: ಬಕೆಟ್, ಮುಚ್ಚಳ, ಪೈಪು, ಚಮಚ, ಯೀಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ ಕೂಡ. ಹಗುರ ಬಿಯರಿನಲ್ಲಿ ಆಲ್ಕೋಹಾಲ್ ಕಡಿಮೆ, ಕಹಿ ಕಡಿಮೆ. ಬೇಡದ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿಯೂ ಕಡಿಮೆ.

ತೊಳೆಯುವುದು ಬೇರೆ, ಸೋಂಕು ಕಳೆಯುವುದು ಬೇರೆ. ಮೊದಲು ವಾಸನೆ ಇಲ್ಲದ ಸೋಪಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಕೊಳೆ ತೆಗೆಯಿರಿ. ಆಮೇಲೆ ಸ್ಟಾರ್ ಸ್ಯಾನ್‌ನಂಥ ಆಸಿಡ್ ದ್ರಾವಣವನ್ನು ಲೀಟರ್ ನೀರಿಗೆ ಒಂದೂವರೆ ಮಿಲಿಯಂತೆ ಬೆರೆಸಿ, ಎಲ್ಲ ಕಡೆ ತಾಗುವಂತೆ ಎರಡು ನಿಮಿಷ ಬಿಟ್ಟು ಚೆಲ್ಲಿ. ನೊರೆ ಉಳಿದರೆ ಇರಲಿ, ಮತ್ತೆ ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ, ಗೀರಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ.

ಯೀಸ್ಟ್ ಮತ್ತು ಪುಣೆಯ ಹವೆ

ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ಕಿನ 12 ಲೀಟರ್ ಬಕೆಟ್ ಸಾಕು. ವರ್ಟನ್ನು ಎತ್ತರದಿಂದ ನೊರೆ ಬರುವಂತೆ ಸುರಿಯಿರಿ, ಕಾಫಿ ಎತ್ತಿ ಹೊಯ್ದಂತೆ. ಯೀಸ್ಟಿಗೆ ಈಗ ಮಾತ್ರ ಗಾಳಿ ಬೇಕು. ಇದಾದ ಮೇಲೆ ಗಾಳಿಯೇ ಶತ್ರು. ಪಾತ್ರೆಯ ತಳದ ಗಸಿ ಸ್ವಲ್ಪ ಬಂದರೂ ಚಿಂತೆಯಿಲ್ಲ.

ಯೀಸ್ಟ್ ಆರಿಸುವುದು ನನ್ನ ಮೂರನೆಯ ಉಪಾಯ. ಲಾಲ್‌ಬ್ರೂ ವಿಂಡ್ಸರ್ ಎಂಬ ಒಣ ಯೀಸ್ಟ್ ಮಾಲ್ಟಿನ ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ತಿನ್ನುವುದಿಲ್ಲ. ಬೇರೆ ಬಿಯರಿನಲ್ಲಿ ಇದು ದೋಷ ಅನ್ನಿಸಬಹುದು. ನಮಗೆ ವರ. ಅಷ್ಟು ಸತ್ವ ಬಿಯರಿನಲ್ಲೇ ಉಳಿಯುತ್ತದೆ. 11 ಗ್ರಾಂ ಪ್ಯಾಕೆಟ್ಟಿನ ಅರ್ಧ ಸಾಕು. ಎಸ್-04 ಎಂಬ ಏಲ್ ಯೀಸ್ಟ್ ಸಿಕ್ಕರೆ ಅದೂ ಆಗುತ್ತದೆ, ಬಿಯರಿನಲ್ಲಿ ಸಿಹಿ ಸ್ವಲ್ಪ ಕಡಿಮೆ ಉಳಿಯುತ್ತದೆ ಅಷ್ಟೇ. ಬ್ರೆಡ್ಡಿನ ಯೀಸ್ಟ್ ಬೇಡ. ಅದು ತಳಕ್ಕೆ ಸರಿಯಾಗಿ ಕೂರುವುದಿಲ್ಲ, ರುಚಿಯೂ ಬ್ರೆಡ್ಡಿನದೇ.

ಪ್ಯಾಕೆಟ್ ಕತ್ತರಿಸಿ ಮೇಲೆ ಉದುರಿಸಿ. ಮುಚ್ಚಳ ಮುಚ್ಚಿ ಏರ್‌ಲಾಕ್ ಹಾಕಿ. ಏರ್‌ಲಾಕ್ ಇಲ್ಲದಿದ್ದರೆ ಮುಚ್ಚಳದ ತೂತಿಗೆ ಬಿಗಿಯಾಗಿ ಸಣ್ಣ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ. ಗ್ಯಾಸ್ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ಬಕೆಟ್ಟನ್ನು ಗಾಳಿಯಾಡದಂತೆ ಬಿಗಿದು ಮುಚ್ಚಬೇಡಿ, ಒತ್ತಡಕ್ಕೆ ಸಿಡಿಯುತ್ತದೆ.

ಬಕೆಟ್ 18ರಿಂದ 21 ಡಿಗ್ರಿಯಲ್ಲಿ ಇರಬೇಕು. ಡಿಸೆಂಬರ್, ಜನವರಿಯಲ್ಲಿ ಪುಣೆಯಲ್ಲಿ ರಾತ್ರಿ ಹೊರಗೆ 12ರ ಆಸುಪಾಸಿಗೆ ಇಳಿಯುತ್ತದೆ. ಇಡ್ಲಿ ಹಿಟ್ಟು ಉಬ್ಬಲಿಲ್ಲವೆಂದು ಎಲ್ಲರೂ ಗೊಣಗುವ ದಿನಗಳು ಅವು. ಬಿಯರಿಗೆ ಮಾತ್ರ ಅವೇ ಬಂಗಾರದ ದಿನಗಳು. ಬಿಸಿಲು ಬೀಳದ ಮೂಲೆಯಲ್ಲಿ ಬಕೆಟ್ ಇಟ್ಟರೆ ಸಾಕು. ಬೇರೆ ತಿಂಗಳುಗಳಲ್ಲಿ ಬಕೆಟ್ಟನ್ನು ನೀರಿನ ಟಬ್ಬಿನಲ್ಲಿ ಕೂರಿಸಿ, ಒದ್ದೆ ಟವೆಲ್ ಸುತ್ತಿ, ಬೆಳಿಗ್ಗೆ ಸಂಜೆ ಐಸ್ ಗಟ್ಟಿಸಿದ ಬಾಟಲಿ ಹಾಕುತ್ತಿರಬೇಕು. ಮೊದಲ ಮೂರು ದಿನ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ, ಆಗ ಹೆಚ್ಚು ಗಮನ ಬೇಕು. ಏಪ್ರಿಲ್, ಮೇನಲ್ಲಿ 40ರ ಬಿಸಿಲಿಗೆ ಇದನ್ನು ಮಾಡಲು ಹೋಗಬೇಡಿ ಎನ್ನುವುದು ನನ್ನ ಸಲಹೆ. ಬಿಸಿ ಜಾಸ್ತಿಯಾದರೆ ಬಾಳೆಹಣ್ಣಿನ, ನೇಲ್ ಪಾಲಿಶಿನ ವಾಸನೆ ಬರುತ್ತದೆ. ಮುಂಬೈ, ಗೋವಾದಲ್ಲಿ ಸೆಖೆ ವರ್ಷವಿಡೀ ಇರುವುದರಿಂದ ಹಳೆಯ ಫ್ರಿಜ್ಜಿಗೆ ಟೆಂಪರೇಚರ್ ಕಂಟ್ರೋಲರ್ ಜೋಡಿಸುವುದೇ ದಾರಿ.

ಹಗುರ ವರ್ಟ್ ಬೇಗ ಮುಗಿಯುತ್ತದೆ. ನಾಲ್ಕೈದು ದಿನಕ್ಕೆ ಗುಳ್ಳೆ ನಿಲ್ಲುತ್ತದೆ. ಆದರೂ ಎಂಟು ದಿನ ಮುಟ್ಟಬೇಡಿ. ಸುಮ್ನೆ ಮುಚ್ಚಳ ತೆಗೆದು ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಹತೋಟಿಯಲ್ಲಿ ಇಟ್ಟುಕೊಳ್ಳಿ. ಎಂಟನೆಯ ದಿನ ಹೈಡ್ರೋಮೀಟರ್ ಹಾಕಿ ನೋಡಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಎರಡೂ ಸಲ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿಗೆ ತುಂಬಬೇಕು.

ಬಾಟಲಿ

ಮೊದಲ ಸಲ ಮಾಡುವವರು ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗಳನ್ನೇ ಬಳಸಿ. 750 ಮಿಲಿಯವು ಹತ್ತು ಬೇಕು. ಸಕ್ಕರೆ ಜಾಸ್ತಿಯಾದರೆ ಗಾಜಿನ ಬಾಟಲಿ ಒಡೆದು ಚೂರು ಹಾರುತ್ತದೆ. ಕಣ್ಣು ಹೋಗುವ ಅಪಾಯ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಒತ್ತಿ ನೋಡಿದರೆ ಒಳಗೆ ಗ್ಯಾಸ್ ಎಷ್ಟಾಗಿದೆ ಎಂದು ಬೆರಳಿಗೇ ತಿಳಿಯುತ್ತದೆ. ನೀರು ಮಾರುವ ತೆಳು ಬಾಟಲಿ ಬೇಡ, ಅದು ಒತ್ತಡ ತಡೆಯುವುದಿಲ್ಲ.

ಲೀಟರಿಗೆ ನಾಲ್ಕೂವರೆ ಗ್ರಾಂ ಸಕ್ಕರೆ. ಏಳೂವರೆ ಲೀಟರಿಗೆ 34 ಗ್ರಾಂ. ಚಮಚದ ಅಳತೆ ನಂಬಬೇಡಿ, ತಕ್ಕಡಿಯಲ್ಲಿ ತೂಗಿ. ಅರ್ಧ ಲೋಟ ನೀರಿನಲ್ಲಿ ಕುದಿಸಿ ಆರಿಸಿ, ಸೋಂಕು ಕಳೆದ ಇನ್ನೊಂದು ಬಕೆಟ್ಟಿಗೆ ಹಾಕಿ. ಅದರ ಮೇಲೆ ಬಿಯರನ್ನು ಪೈಪಿನಿಂದ ಸದ್ದಿಲ್ಲದೆ ಇಳಿಸಿ. ಪೈಪಿನ ತುದಿ ಯಾವಾಗಲೂ ಬಿಯರಿನಲ್ಲಿ ಮುಳುಗಿರಲಿ, ತಳದ ಗಸಿ ಬರದಿರಲಿ. ಬಾಯಿಂದ ಎಳೆದು ಪೈಪ್ ಶುರು ಮಾಡಬೇಡಿ. ಪೈಪಿಗೆ ಮೊದಲೇ ಕುದಿಸಿ ಆರಿಸಿದ ನೀರು ತುಂಬಿಕೊಂಡರೆ ತಾನೇ ಹರಿಯುತ್ತದೆ. ಬಾಟಲಿಯ ಬಾಯಿಂದ ಎರಡು ಬೆರಳು ಕೆಳಗಿನವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ.

ಹತ್ತು ದಿನ ಕೋಣೆಯಲ್ಲೇ, ಕತ್ತಲಲ್ಲಿ ಇಡಿ. ಬಾಟಲಿ ಅಂಗಡಿಯ ಸೋಡಾ ಬಾಟಲಿಯಷ್ಟು ಗಟ್ಟಿಯಾದಾಗ ಎಲ್ಲವನ್ನೂ ಫ್ರಿಜ್ಜಿಗೆ ಹಾಕಿ. ಎರಡು ದಿನ ತಣ್ಣಗೆ ನಿಂತರೆ ಗಸಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಂದು ತಿಂಗಳೊಳಗೆ ಮುಗಿಸಿ. ಹಗುರ ಬಿಯರ್ ಇಟ್ಟಷ್ಟು ಬಲಿಯುವ ಜಾತಿಯದಲ್ಲ, ತಾಜಾ ಇದ್ದಾಗಲೇ ಅದರ ಚೆಂದ. ಹಗುರ ಎಂದು ಕುಡಿದು ಗಾಡಿ ಹತ್ತಬೇಡಿ. 21 ತುಂಬದವರಿಗೆ ಕೊಡಬೇಡಿ.

ಬಗ್ಗಿಸುವಾಗ ಗ್ಲಾಸನ್ನು ಓರೆಯಾಗಿ ಹಿಡಿದು, ಒಂದೇ ಸಲಕ್ಕೆ ನಿಧಾನವಾಗಿ ಸುರಿಯಿರಿ. ಬಾಟಲಿಯನ್ನು ನಡುವೆ ನೆಟ್ಟಗೆ ಮಾಡಿದರೆ ಗಸಿ ಮೇಲೇಳುತ್ತದೆ. ಕೊನೆಯ ಎರಡು ಬೆರಳಷ್ಟು ಬಾಟಲಿಯಲ್ಲೇ ಬಿಡಿ. ತೀರಾ ತಣ್ಣಗೆ ಕುಡಿಯಬೇಡಿ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಬಿಟ್ಟರೆ ಮಾಲ್ಟಿನ ವಾಸನೆ ಬಿಚ್ಚಿಕೊಳ್ಳುತ್ತದೆ. ಮೊದಲ ಗುಟುಕು ಬಾಯಲ್ಲಿ ಒಂದು ಕ್ಷಣ ಹಿಡಿದು ನೋಡಿ. ಇನ್ನೂ ನೀರುನೀರು ಅನ್ನಿಸಿದರೆ ಮುಂದಿನ ಸಲ ಮ್ಯಾಶನ್ನು 71ಕ್ಕೆ ಏರಿಸಿ, ಇಲ್ಲವೇ ಓಟ್ಸ್ 150 ಗ್ರಾಂ ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ನನ್ನ ತಮ್ಮ ಮೊನ್ನೆ ಲಂಡನ್ನಿನಿಂದ ಫೋನ್ ಮಾಡಿದ್ದ. ಅವನ ಎರಡನೆಯ ಸಲದ ಬಿಯರ್ 1.012ರಲ್ಲಿ ನಿಂತಿದೆಯಂತೆ. "ಅಣ್ಣಾ, ಈ ಸಲ ಕಟ್ಟಿನ ಸಾರಿನ ಹದಕ್ಕ ಬಂದೈತಿ" ಅಂದ.